ಕಲಬುರಗಿಯಲ್ಲಿ ಜೋಳದ ರೊಟ್ಟಿ ಬಿಟ್ಟು ಮೈದಾ, ಬಿಳಿ ಅನ್ನಕ್ಕೆ ಹೋದರೆ ನಿಜವಾಗ್ಲೂ ಕೆಟ್ಟದ್ದಾ?

ಹೌದು, ದಿನಾ ತಿನ್ನೋದಾದರೆ ಇಡೀ ಕಾಳಿನ ಹಿಟ್ಟೇ ಮೇಲು. ಆದರೆ ಮೈದಾ ವಿಷ ಅಂತಲ್ಲ.

ಗಿರಣಿಗೆ ಜೋಳ ಒಯ್ದರೆ ಏನಾಗುತ್ತೆ ನೋಡಿ. ಹಾಕಿದ ಕಾಳು ಪೂರ್ತಿ ಹಿಟ್ಟಾಗಿ ಬಿಸಿಬಿಸಿಯಾಗಿ ಚೀಲಕ್ಕೆ ಬೀಳುತ್ತೆ. ಮೈದಾದಲ್ಲಿ ಹಾಗಲ್ಲ. ಗೋಧಿಯ ಹೊರಪದರ, ಮೊಳಕೆ ಭಾಗ ಎರಡನ್ನೂ ತೆಗೆದು ನಡುವಿನ ಪಿಷ್ಟ ತುಂಬಿದ ಭಾಗವನ್ನಷ್ಟೇ ಉಳಿಸ್ತಾರೆ. ನಾರು, ಬಿ ವಿಟಮಿನ್, ಕಬ್ಬಿಣ ಹೆಚ್ಚಾಗಿ ಇರೋದು ತೆಗೆದ ಭಾಗದಲ್ಲೇ! 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದ್ದರೆ, ಮೈದಾದಲ್ಲಿ 3 ಗ್ರಾಂ ಕೂಡ ಇಲ್ಲ. ಕ್ಯಾಲೊರಿ ಮಾತ್ರ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ.

ನಾರು ಪಿಷ್ಟಕ್ಕೆ ಬೇಲಿ ಇದ್ದಂತೆ. ಬೇಲಿ ಇದ್ದರೆ ಪಿಷ್ಟ ನಿಧಾನವಾಗಿ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತೆ. ಇಲ್ಲದಿದ್ದರೆ ರಕ್ತದ ಸಕ್ಕರೆ ಸರಸರ ಏರಿ ಬೇಗ ಇಳಿಯುತ್ತೆ, ಮತ್ತೆ ಹಸಿವು. ಬೆಳಿಗ್ಗೆ ಮಂಡಕ್ಕಿ ಸುಸಲಾ ತಿಂದವರಿಗೆ ಹನ್ನೊಂದಕ್ಕೇ ಹೊಟ್ಟೆ ಚುರುಗುಟ್ಟೋದು ಸುಮ್ನೆ ಅಲ್ಲ. ಮಂಡಕ್ಕಿಯೂ ಮೈದಾದಂತೆ ಹೊರಪದರ ತೆಗೆದ ಬಿಳಿ ಅಕ್ಕಿಯದೇ, ಅರಳಿರೋದರಿಂದ ಇನ್ನೂ ಬೇಗ ಕರಗುತ್ತೆ.

ಆದರೆ ಜೋಳದ ಹಿಟ್ಟನ್ನೂ ನುಣ್ಣಗೆ ಬೀಸಿದರೆ ಬೇಲಿ ಸ್ವಲ್ಪ ಮುರಿಯುತ್ತೆ. ಶುಗರ್ ಇರುವವರು ಖಡಕ್ ರೊಟ್ಟಿ ಅಂತ ಐದಾರು ಮುರಿದುಕೊಂಡು ತಿಂದರೆ ಸಕ್ಕರೆ ಏರೇ ಏರುತ್ತೆ. ಎರಡು ರೊಟ್ಟಿ, ಜೊತೆಗೆ ತೊಗರಿ ಬ್ಯಾಳಿ, ಪುಂಡಿ ಪಲ್ಯ ಜಾಸ್ತಿ ಇರಲಿ. ಅನ್ನ ಬೇಕೇ ಬೇಕು ಅನ್ನೋರೂ ಬ್ಯಾಳಿ ಹೆಚ್ಚು, ಅನ್ನ ಕಮ್ಮಿ ಹಾಕಿಕೊಳ್ಳಬಹುದು.

ಅಂದಹಾಗೆ, ಅಂಗಡಿಯ ಕಂದು ಬ್ರೆಡ್ ನಂಬಬೇಡಿ. ಎಷ್ಟೋ ಸಲ ಅದು ಬಣ್ಣ ಹಾಕಿದ ಮೈದಾ ಅಷ್ಟೇ. ಪೊಟ್ಟಣದ ಹಿಂದೆ ಮೊದಲು ಯಾವ ಹಿಟ್ಟಿನ ಹೆಸರಿದೆ ನೋಡಿ.