ನಂಬಿಕೆ ಹೋದ ಮೇಲೂ ಆ ಹುಡುಗ ಬದುಕಿದ್ದು ಹೇಗೆ?

ಎಲೀ ವೀಸೆಲ್ ನಾಜಿ ಕ್ಯಾಂಪಿನಲ್ಲಿ ಕಳೆದ ತಮ್ಮ ಹುಡುಗತನದ ದಿನಗಳ ಬಗ್ಗೆ ಬರೆದ ‘ನೈಟ್’ ಓದಿ, ದೇವರ ಮೇಲಿನ ನಂಬಿಕೆ ಹೋದ ಮೇಲೂ ಆ ಹುಡುಗ ಹೇಗೆ ಬದುಕಿದ ಅಂತ ಕೇಳಿದ್ದೀರಿ. ನನಗೆ ಕಾಣುವ ಉತ್ತರ: ಅಪ್ಪ.

1944ರಲ್ಲಿ ನಾಜಿಗಳ ಆಶ್‌ವಿಟ್ಜ್ ಕ್ಯಾಂಪಿನಲ್ಲಿ ಇಳಿದಾಗ ಅವನಿಗೆ 15 ವರ್ಷ. ಅಮ್ಮ, ತಂಗಿ ಅಲ್ಲೇ ದೂರವಾದರು. ಹಿಡಿದುಕೊಳ್ಳಲು ಉಳಿದದ್ದು ಅಪ್ಪನ ಕೈ ಒಂದೇ.

ಯಹೂದಿಗಳ ಯೋಮ್ ಕಿಪ್ಪೂರ್ ಉಪವಾಸದ ದಿನ ಅವನು ಬೇಕೆಂದೇ ಸೂಪು ಕುಡಿದು ಬ್ರೆಡ್ ತಿನ್ನುತ್ತಾನೆ. ಉಪವಾಸ ಬೇಡ ಅಂದದ್ದು ಅಪ್ಪ. ಆದರೆ ಅವನಿಗೆ ಅದು ದೇವರ ಎದುರು ಪ್ರತಿಭಟನೆಯೂ ಹೌದು. ಇಲ್ಲದ ದೇವರ ಮೇಲೆ ಯಾರೂ ಅಷ್ಟು ಸಿಟ್ಟಾಗುವುದಿಲ್ಲ, ಅಲ್ವಾ? ನಂಬಿಕೆ ಸತ್ತಿತು ಅನ್ನುವುದಕ್ಕಿಂತ ಜಗಳ ಶುರುವಾಯಿತು ಅನ್ನಬೇಕು.

ನಿಮ್ಮ ಪ್ರಶ್ನೆಗೆ ಅದೇ ಪುಸ್ತಕದಲ್ಲಿ ಬರುವ ಜೊತೆ ಕೈದಿ ಅಕೀಬಾ ಡ್ರೂಮರ್ ಪ್ರಸಂಗವನ್ನು ಮತ್ತೆ ಓದಿ. ನಂಬಿಕೆ ಕಳೆದುಕೊಂಡ ಮೇಲೆ ಅವನಿಗೆ ಹೋರಾಡಲು ಏನೂ ಉಳಿಯಲಿಲ್ಲ. ಸಾಯಲು ಹೊರಟಾಗ ಕೇಳಿದ್ದು ಇಷ್ಟೇ: ಮೂರು ದಿನ ಬಿಟ್ಟು ನನಗಾಗಿ ಕದ್ದಿಶ್ ಹೇಳಿ. ಸತ್ತವರಿಗೆ ಹೇಳುವ ಪ್ರಾರ್ಥನೆ ಅದು. ಗೆಳೆಯರು ಮಾತು ಕೊಟ್ಟರು. ಆಮೇಲೆ ಹೊಡೆತ, ಹಸಿವಿನ ನಡುವೆ ಮರೆತೇಬಿಟ್ಟರು. ಆ ಸಾಲು ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆಶ್‌ವಿಟ್ಜ್‌ನಿಂದ ಬದುಕಿ ಬಂದ ಇನ್ನೊಬ್ಬ ಲೇಖಕ, ಇಟಲಿಯ ಪ್ರೀಮೋ ಲೆವಿ, ಅಲ್ಲಿಗೆ ನಾಸ್ತಿಕರಾಗಿಯೇ ಹೋಗಿ ನಾಸ್ತಿಕರಾಗಿಯೇ ಬಂದರು. ಆದರೂ ನಂಬಿಕೆ ಇದ್ದವರು ಕ್ಯಾಂಪಿನಲ್ಲಿ ಜಾಸ್ತಿ ತಡೆದುಕೊಂಡರು ಅಂತ ಒಪ್ಪುತ್ತಾರೆ. ಲೆವಿ ಅವರನ್ನು ಉಳಿಸಿದ್ದರಲ್ಲಿ ಲೊರೆನ್ಜೊ ಎಂಬ ಗಾರೆ ಕೆಲಸದವನು ಆರು ತಿಂಗಳು ದಿನಾ ತಂದುಕೊಟ್ಟ ಸೂಪಿನ ಪಾಲೂ ಇದೆ.

ವೀಸೆಲ್ ಅವರ ಅಪ್ಪ 1945ರ ಜನವರಿಯಲ್ಲಿ ಬುಖೆನ್‌ವಾಲ್ಡ್ ಎಂಬ ಇನ್ನೊಂದು ಕ್ಯಾಂಪಿನಲ್ಲಿ ತೀರಿಕೊಂಡರು. ಬಿಡುಗಡೆ ಏಪ್ರಿಲ್ 11ಕ್ಕೆ. ಆ ನಡುವಿನ ದಿನಗಳ ಬಗ್ಗೆ ಅವರು ಹೆಚ್ಚೇನೂ ಬರೆದಿಲ್ಲ. ಅಪ್ಪ ಹೋದ ಮೇಲೆ ಯಾವುದೂ ಬೇಕೆನಿಸಲಿಲ್ಲ ಅನ್ನುತ್ತಾರೆ, ಅಷ್ಟೇ.