ಜರ್ಮನಿಯಿಂದ ಪುಣೆಗೆ ವಾಪಸ್ ಬರುವಾಗ ಅಲ್ಲಿನ ಬ್ರ್ಯಾಂಡ್ ಸಾಮಾನು ತುಂಬಿಕೊಂಡು ಬರಬೇಕಾ?

ನಿಮ್ಮ ಪ್ರಶ್ನೆ ಓದಿದಾಗ ಇದನ್ನು ನಾನೇ ಬರೆದಿದ್ದೆನಾ ಅನಿಸಿತು. ಜರ್ಮನಿಯಲ್ಲಿ ಆರು ವರ್ಷ, ಈಗ ಪುಣೆಗೆ ವಾಪಸ್. ಅದೇ ಹೆಸರಿನ ಶೂ, ಚಾಕಲೇಟು, ಬಟ್ಟೆ ಒಗೆಯುವ ಪುಡಿ ಇಲ್ಲೂ ಸಿಗುತ್ತೆ, ಆದರೆ 'ಅಲ್ಲಿಯ ಕ್ವಾಲಿಟಿ ಇರಲ್ಲವಂತೆ'. ಅದಕ್ಕೆ ಆರು ಜೊತೆ ಶೂ ಸೇರಿಸಿ ಎರಡು ಕಾರ್ಟನ್ ತುಂಬಿದ್ದೀರಿ, ಇನ್ನೇನು ತರಲಿ ಅಂತ ಕೇಳಿದ್ದೀರಿ.

ನಾನು ಸ್ಟುಟ್‌ಗಾರ್ಟ್‌ನಿಂದ 2017ರ ನವೆಂಬರ್‌ನಲ್ಲಿ ಬಂದೆ. ವಾಹನದ ಬಿಡಿಭಾಗದ ಕೆಲಸ, ಪುಣೆ ಹತ್ತಿರದ ಚಾಕಣಕ್ಕೆ ವರ್ಗ ಆಯ್ತು. ಹೊರಡುವ ಹಿಂದಿನ ಶನಿವಾರ ಮೆಟ್ಸಿಂಗನ್‌ಗೆ ಹೋದೆ. ನಿಮಗೆ ಗೊತ್ತೇ ಇರುತ್ತೆ, ಊರು ತುಂಬ ಬ್ರ್ಯಾಂಡ್‌ಗಳ ಔಟ್‌ಲೆಟ್. ಅಲ್ಲಿ ನಾಲ್ಕು ಜೊತೆ ವಾಕಿಂಗ್ ಶೂ ತಗೊಂಡೆ. ನನಗೆ ಎರಡು, ಹೆಂಡತಿಗೆ ಒಂದು, ಅಪ್ಪನಿಗೆ ಒಂದು. ಕಂಪನಿ ಹೆಸರು ಇಲ್ಲಿ ಬೇಡ. ಮುಂದೆ ಹೇಳುವುದು ಆ ಒಂದೇ ಕಂಪನಿಯ ಶೂಗೆ ಆಗುವಂಥದ್ದಲ್ಲ.

ಅಪ್ಪ ಧಾರವಾಡದಲ್ಲಿ ಹೈಸ್ಕೂಲ್ ಮಾಸ್ತರ್ ಆಗಿದ್ದವರು. ನಾವು ಪುಣೆಯ ಕೋಥ್ರೂಡ್‌ನಲ್ಲಿ ಮನೆ ಮಾಡಿದ ಮೇಲೆ ನಮ್ಮ ಜೊತೆ ಬಂದು ಉಳಿದರು. ಡಬ್ಬಿ ಅವರ ಕೈಗೆ ಕೊಟ್ಟು ನಾನು ಒಂದು ಮಾತು ಹೇಳಿದೆ. "ಅಪ್ಪಾ, ಇದು ಜರ್ಮನಿಯಿಂದ ತಂದದ್ದು. ಇದೇ ಹೆಸರಿಂದು ಇಲ್ಲೂ ಸಿಗ್ತದ, ಆದ್ರ ಈ ಕ್ವಾಲಿಟಿ ಸಿಗಂಗಿಲ್ಲ."

ನನ್ನ ತಪ್ಪು ಆ ಮಾತು. ಶೂ ತಂದದ್ದು ತಪ್ಪಲ್ಲ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಅದೇ ಮಾತು ಇದೆ.

ಅಪ್ಪ ಆ ಶೂ ಒಮ್ಮೆ ಹಾಕಿ ನೋಡಿದರು. ಹಾಲ್‌ನಲ್ಲಿ ಹತ್ತು ಹೆಜ್ಜೆ ಅಡ್ಡಾಡಿದರು. ಆಮೇಲೆ ತೆಳು ಕಾಗದದಲ್ಲಿ ಮೊದಲಿನ ಹಾಗೇ ಸುತ್ತಿ, ಡಬ್ಬಿಗೆ ಹಾಕಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅಟ್ಟದ ಮೇಲೆ ಇಡಿಸಿದರು. "ಇಂಥಾದು ಮತ್ತ ಸಿಗಂಗಿಲ್ಲ ಅಂದ್ಮ್ಯಾಲ ದಿನಾ ಹಾಕ್ಕೊಂಡು ಯಾಕ ಹಾಳು ಮಾಡೂದು?" ಅಂದರು. ದಿನಾ ಬೆಳಗಿನ ವಾಕಿಂಗಿಗೆ ಹಳೇ ಕ್ಯಾನ್ವಾಸ್ ಶೂನೇ ನಡೆಯಿತು. ನಾನೂ ನನ್ನ ಎರಡನೇ ಜೊತೆಯನ್ನು ಅದರ ಪಕ್ಕದಲ್ಲೇ ಇಟ್ಟೆ. ಮೊದಲನೆಯದು ಸವೆದ ಮೇಲೆ ತೆಗೆಯೋಣ ಅಂತ. ಬಂಗಾರ ಇಟ್ಟ ಹಾಗೆ ಇಟ್ಟೆವು.

ಅಟ್ಟದ ಮೇಲೆ ಆ ಡಬ್ಬಿ ಐದು ಮಳೆಗಾಲ ಕಳೆಯಿತು. ಪುಣೆ ಮಳೆಗಾಲ ನಿಮಗೆ ಮರೆತಿರಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನಲ್ಲಿಟ್ಟ ಬೆಲ್ಟಿಗೂ ಬೂಷ್ಟು ಬರುತ್ತೆ. ಅದು ಮುಗಿದು ಏಪ್ರಿಲ್ ಬಂದರೆ ಅದೇ ಅಟ್ಟ ಒಲೆಯ ಹಾಗೆ ಕಾಯುತ್ತೆ.

2022ರ ಅಕ್ಟೋಬರ್, ದಸರಾ ಮುಗಿದಿತ್ತು. ಧಾರವಾಡದಿಂದ ಅಪ್ಪನ ಹಳೇ ಗೆಳೆಯರೊಬ್ಬರು ಬಂದರು. ಇಬ್ಬರೂ ಒಂದೇ ಸ್ಕೂಲಿನಲ್ಲಿ ಇಪ್ಪತ್ತು ವರ್ಷ ಇದ್ದವರು. ಅವರಿಗೆ ಪರ್ವತಿ ತೋರಿಸಬೇಕು ಅಂತ ಅಪ್ಪನ ಆಸೆ. ಪೇಶ್ವೆ ಕಾಲದ ಗುಡಿ, 103 ಮೆಟ್ಟಿಲು, ಮೇಲೆ ನಿಂತರೆ ಪುಣೆ ಪೂರ್ತಿ ಕಾಣುತ್ತೆ. ಆ ದಿನ ಅಪ್ಪ ಅಟ್ಟದಿಂದ ಡಬ್ಬಿ ಇಳಿಸಿ ಅಂದರು. ಗೆಳೆಯನ ಜೊತೆ ಹೋಗುವಾಗ ಒಳ್ಳೇ ಶೂ ಬೇಕಲ್ವಾ. ನಾನೇ ಇಳಿಸಿಕೊಟ್ಟೆ. ಮೇಲಿಂದ ನೋಡಿದರೆ ಹೊಚ್ಚ ಹೊಸದು. ಲೇಸು ಕೂಡ ಬೆಳ್ಳಗೇ ಇತ್ತು.

ಹತ್ತುವಾಗ ಏನೂ ಆಗಲಿಲ್ಲ. ಇಳಿಯುವಾಗ ಬಲಗಾಲಿನ ಸೋಲ್ ಹಿಮ್ಮಡಿ ಕಡೆಯಿಂದ ಬಿಚ್ಚಿಕೊಂಡಿತು. ಕೆಳಗಿನ ರಬ್ಬರ್ ಪಟ್ಟಿ ಮೆಟ್ಟಿಲಿನ ಅಂಚಿಗೆ ಸಿಕ್ಕಿತು, ಅಪ್ಪ ಮುಂದಕ್ಕೆ ಬಿದ್ದರು. ಬಲಗೈ ಊರಿದರು, ಮಣಿಕಟ್ಟು ಮುರಿಯಿತು. ಆಗ ಅವರಿಗೆ 71. ಆಪರೇಷನ್ ಮಾಡಿ ಪ್ಲೇಟ್ ಹಾಕಿದರು. ಹಣದ ವಿಷಯ ಬಿಡಿ. ಅಪ್ಪ ದಿನಾ ಎರಡು ಪುಟ ಕೈಬರಹದಲ್ಲಿ ಬರೆಯುವವರು, ನಾಲ್ಕು ತಿಂಗಳು ಪೆನ್ ಹಿಡಿಯಲಿಲ್ಲ. ಎಡಗೈಯಿಂದ ಉಣ್ಣೋದಕ್ಕೆ ಮನಸ್ಸು ಒಪ್ಪದೆ ಮೊದಲ ಎರಡು ದಿನ ಬರೀ ಹಾಲು ಕುಡಿದು ಮಲಗಿದರು. ಕೊನೆಗೆ ನನ್ನ ಹೆಂಡತಿ ಹಟ ಹಿಡಿದು ತಾನೇ ತುತ್ತು ಮಾಡಿ ತಿನ್ನಿಸಿದಳು.

ಆಸ್ಪತ್ರೆಯಿಂದ ಬಂದ ರಾತ್ರಿ ಆ ಶೂ ಕೈಯಲ್ಲಿ ಹಿಡಿದು ನೋಡಿದೆ. ಮೇಲಿನ ಬಟ್ಟೆ ಗಟ್ಟಿ, ತಳದ ರಬ್ಬರೂ ಗಟ್ಟಿ. ನಡುವಿನ ಬಿಳಿ ಮೆತ್ತನೆ ಪದರ ಇರುತ್ತಲ್ಲ, ಅದನ್ನು ಹೆಬ್ಬೆರಳಿಂದ ಒತ್ತಿದೆ. ಬೇಸನ್ ಉಂಡಿ ಮುರಿದ ಹಾಗೆ ಉದುರಿತು. ಪುಡಿ ಕೈಗೆ ಅಂಟಂಟಾಯ್ತು. ಅಟ್ಟ ಹತ್ತಿ ನನ್ನ ಎರಡನೇ ಜೊತೆ ತೆಗೆದೆ. ಅದೂ ಹಾಗೇ. ಒಂದು ದಿನವೂ ಹಾಕದ ಶೂ.

ನಮ್ಮ ರಸ್ತೆ ತಿರುವಿನಲ್ಲಿ ಚಪ್ಪಲಿ ಹೊಲಿಯುವ ಕಾಕಾ ಒಬ್ಬರಿದ್ದಾರೆ. ಅವರು ನೋಡಿದ ಕೂಡಲೇ, ಎಷ್ಟು ವರ್ಷ ಇಟ್ಟಿದ್ರಿ ಅಂತ ಕೇಳಿದರು. ಯಾವ ಕಂಪನಿ ಅಂತ ಕೇಳಲೇ ಇಲ್ಲ. ಪ್ರತಿ ವರ್ಷ ಮಳೆ ನಿಂತ ಮೇಲೆ ಇಂಥವು ಬರುತ್ತವೆ, ಹೆಚ್ಚಿನವು ಫಾರಿನ್‌ನಿಂದ ತಂದು ಎತ್ತಿಟ್ಟವು ಅಂದರು.

ಆಮೇಲೆ ಓದಿ ತಿಳಿದುಕೊಂಡೆ. ಆ ಪದರ ಪಾಲಿಯುರೆಥೇನ್ ನೊರೆಯದ್ದು. ಗಾಳಿಯಲ್ಲಿನ ತೇವ ಅದರೊಳಗೆ ಇಳಿದು ಅದರ ಕೊಂಡಿಗಳನ್ನು ಒಂದೊಂದಾಗಿ ಕಡಿಯುತ್ತೆ. ಇದಕ್ಕೆ ಹೈಡ್ರಾಲಿಸಿಸ್ ಅಂತಾರೆ. ಸೆಕೆ ಜಾಸ್ತಿ, ತೇವ ಜಾಸ್ತಿ ಅಂದರೆ ವೇಗವೂ ಜಾಸ್ತಿ. ಹಾಕಿದರೂ ಹಾಕದಿದ್ದರೂ ಅದು ನಡೆಯುತ್ತಲೇ ಇರುತ್ತೆ. ಮುಚ್ಚಿದ ಡಬ್ಬಿ, ಪ್ಲಾಸ್ಟಿಕ್ ಚೀಲ ಇದ್ದರೆ ಒಳಗೆ ಸೇರಿದ ತೇವ ಅಲ್ಲೇ ಉಳಿಯುತ್ತೆ. ಅಂದರೆ ನಾವು ಶೂ ಕಾಪಾಡಲು ಮಾಡಿದ್ದೆಲ್ಲ ಅದನ್ನು ಕೊಂದಿತು. ನಡುವಿನ ಪದರ ಇವಿಎ ಅನ್ನುವ ನೊರೆಯದ್ದಾದರೆ ಈ ರೀತಿ ಪುಡಿಯಾಗಲ್ಲ, ಕಾಲಕ್ರಮೇಣ ಚಪ್ಪಟೆ ಆಗುತ್ತೆ ಅಷ್ಟೆ. ಕೊಳ್ಳುವಾಗ ಇದನ್ನು ಕೇಳಿ.

ಇನ್ನೊಂದು ಮಾತು. ಆ ಡಬ್ಬಿ ಮೇಲೆ ವಿಯೆಟ್ನಾಂನಲ್ಲಿ ತಯಾರಾದದ್ದು ಅಂತ ಅಚ್ಚಾಗಿತ್ತು. ನಾನು ಅದನ್ನು ಜರ್ಮನಿಯದು ಅಂತ ಅಪ್ಪನಿಗೆ ಕೊಟ್ಟಿದ್ದೆ. ಅವರು ನನ್ನ ಮಾತು ನಂಬಿದರು. ಇಲ್ಲೇ ಲಕ್ಷ್ಮೀ ರೋಡಿನಲ್ಲಿ ಕೊಂಡಿದ್ದರೆ ಆರು ತಿಂಗಳಲ್ಲಿ ಸವೆಸಿ ಇನ್ನೊಂದು ಕೊಳ್ಳುತ್ತಿದ್ದರು, ಯಾವ ಮೆಟ್ಟಿಲಿನಲ್ಲೂ ಬೀಳುತ್ತಿರಲಿಲ್ಲ. 'ಇಲ್ಲಿ ಸಿಗಲ್ಲ' ಅನ್ನುವ ನಂಬಿಕೆಯೇ ಅವರನ್ನು ಬೀಳಿಸಿತು ಅಂತ ನಾನು ಈಗಲೂ ನಂಬುತ್ತೇನೆ.

ಹಾಗಾದರೆ ಫರಕೇ ಇಲ್ವಾ ಅಂತ ಕೇಳಬಹುದು. ಇದೆ. ಆದರೆ 'ಅಲ್ಲಿಯದು ಅಸಲಿ, ಇಲ್ಲಿಯದು ಕಳಪೆ' ಅನ್ನುವ ನಿಮ್ಮ ಲೆಕ್ಕ ನಾನು ಒಪ್ಪಲ್ಲ. ಒಂದೇ ಹೆಸರಿನ ಸಾಮಾನು ಊರೂರಿಗೆ ಬೇರೆ ಆಗಿರುತ್ತೆ. ಅದು ಯಾಕೆ ಬೇರೆ ಅಂತ ನೋಡಬೇಕು.

ಬಟ್ಟೆ ಪುಡಿ ತಗೊಳ್ಳಿ. ಜರ್ಮನ್ ಪ್ಯಾಕೆಟ್ ಹಿಂದೆ ನೀರಿನ ಗಡಸುತನದ ಪ್ರಕಾರ, ಅಂದರೆ ನೀರಲ್ಲಿ ಸುಣ್ಣದಂಥ ಲವಣ ಎಷ್ಟಿದೆ ಅನ್ನುವುದರ ಪ್ರಕಾರ, ಎಷ್ಟು ಹಾಕಬೇಕು ಅಂತ ಪಟ್ಟಿ ಇರುತ್ತೆ. ಅದರಲ್ಲಿನ ಬ್ಲೀಚ್ ಸಾಮಾನ್ಯವಾಗಿ ಬಿಸಿ ನೀರಲ್ಲೇ ಚೆನ್ನಾಗಿ ಕೆಲಸ ಮಾಡುವಂಥದ್ದು. ಅಲ್ಲಿ ನೀವು 40, 60 ಡಿಗ್ರಿಗೆ ಹಾಕುತ್ತಿದ್ದಿರಿ. ಇಲ್ಲಿ ನಾವೆಲ್ಲ ತಣ್ಣೀರಲ್ಲೇ ಒಗೆಯುವವರು. ಖಡಕ್ವಾಸ್ಲಾ ಅಣೆಕಟ್ಟಿನ ನೀರು ಬರುವ ಮನೆ ಬೇರೆ, ಟ್ಯಾಂಕರ್ ಅಥವಾ ಬೋರ್ ನೀರಿನ ಸೊಸೈಟಿ ಬೇರೆ. ನಾನು ತಂದ ಮೂರು ಕಿಲೋ ಪುಡಿಯಲ್ಲಿ ನಮ್ಮ ಬಿಳಿ ಅಂಗಿ ಬೂದು ಬಣ್ಣಕ್ಕೆ ತಿರುಗಿತು. ಇಲ್ಲಿನ ಪುಡಿ ಹಾಕಿದ ಮೇಲೆ ಸರಿ ಹೋಯ್ತು.

ಚಾಕಲೇಟು ತರಲೇಬೇಡಿ. ಕೋಕೋ ಬೆಣ್ಣೆ 34 ಡಿಗ್ರಿ ಆಸುಪಾಸಿನಲ್ಲಿ ಕರಗುತ್ತೆ. ಏಪ್ರಿಲ್‌ನಲ್ಲಿ ಪುಣೆ 40ರ ಹತ್ತಿರ ಇರುತ್ತೆ. ಒಮ್ಮೆ ಕರಗಿ ಮತ್ತೆ ಗಟ್ಟಿಯಾದರೆ ಮೇಲೆ ಬಿಳಿ ಪದರ ಬರುತ್ತೆ. ಅದು ಬೂಷ್ಟಲ್ಲ, ಕೊಬ್ಬು, ತಿಂದರೆ ಏನೂ ಆಗಲ್ಲ, ಆದರೆ ಬಾಯಲ್ಲಿ ಮರಳಿನ ಹಾಗೆ ಅನಿಸುತ್ತೆ. ರುಚಿಯ ವಿಷಯಕ್ಕೆ ಬಂದರೆ ಯಾವ ಊರಿನದು ಅಸಲಿ ಅಂತೀರಿ? ಕ್ಯಾಡ್‌ಬರಿ ಇಂಗ್ಲೆಂಡಿನ ಹೆಸರು. ಅಮೆರಿಕದಲ್ಲಿ ಅದನ್ನು ಲೈಸೆನ್ಸ್ ಮೇಲೆ ಹರ್ಷೀಸ್ ಕಂಪನಿ ಮಾಡುತ್ತೆ. ಅಲ್ಲಿರುವ ಇಂಗ್ಲಿಷರೂ ನಮ್ಮ ಊರಿನದೇ ಬೇಕು ಅಂತ ಹುಡುಕುತ್ತಾರೆ. ಕೋಕಾ ಕೋಲಾ ಅಮೆರಿಕದಲ್ಲಿ 1980ರ ದಶಕದಿಂದ ಜೋಳದ ಸಿರಪ್ ಹಾಕಿ ಮಾಡುತ್ತಾರೆ, ನಮ್ಮಲ್ಲಿ ಸಕ್ಕರೆ. ಅಲ್ಲಿಯವರು ಸಕ್ಕರೆಯದ್ದೇ ಬೇಕು ಅಂತ ಮೆಕ್ಸಿಕೋದಿಂದ ಬಂದ ಬಾಟಲಿಗೆ ಜಾಸ್ತಿ ದುಡ್ಡು ಕೊಡುತ್ತಾರೆ.

ಯುರೋಪಿನ ಒಳಗೇ ಈ ಜಗಳ ಇದೆ. ಪೂರ್ವ ಯುರೋಪಿನವರು, ನಮಗೆ ಅದೇ ಪ್ಯಾಕೆಟ್ಟಿನಲ್ಲಿ ಬೇರೆ ಸಾಮಾನು ಕೊಡುತ್ತಾರೆ ಅಂತ ಗಲಾಟೆ ಮಾಡಿದರು. ಯುರೋಪಿಯನ್ ಒಕ್ಕೂಟದವರು 19 ದೇಶಗಳಲ್ಲಿ ತಿನ್ನುವ ಪದಾರ್ಥ ಹೋಲಿಸಿ 2019ರಲ್ಲಿ ವರದಿ ಕೊಟ್ಟರು. ಮುಂದಿನ ಮುಖ ಒಂದೇ ಇದ್ದು ಒಳಗಿನದು ಬೇರೆ ಇದ್ದವು ಶೇಕಡಾ 9. ಆದರೆ ಪೂರ್ವಕ್ಕೆ ಕಳಪೆ, ಪಶ್ಚಿಮಕ್ಕೆ ಒಳ್ಳೆಯದು ಅನ್ನುವ ಒಂದೇ ನಮೂನೆ ಸಿಗಲಿಲ್ಲ.

ಈಗ ನನಗೆ ನಿಜವಾಗಿ ಸಿಟ್ಟು ಬರುವ ಜಾಗ. ಕೆಲವು ಕಡೆ ಫರಕು ನೀರಿಗೂ ಸಂಬಂಧ ಇಲ್ಲ, ಸೆಕೆಗೂ ಸಂಬಂಧ ಇಲ್ಲ. 2024ರ ಏಪ್ರಿಲ್‌ನಲ್ಲಿ ಪಬ್ಲಿಕ್ ಐ ಅನ್ನುವ ಸ್ವಿಸ್ ಸಂಸ್ಥೆ ತೋರಿಸಿತು: ನೆಸ್ಲೆಯ ಸೆರೆಲ್ಯಾಕ್ ಭಾರತದಲ್ಲಿ ಸಕ್ಕರೆ ಸೇರಿಸಿ ಮಾರುತ್ತಿದ್ದರು, ಸ್ವಿಟ್ಜರ್ಲೆಂಡಿನಲ್ಲಿ ಮಕ್ಕಳಿಗೆ ಮಾರುವ ಅಂಥದ್ದೇ ಆಹಾರದಲ್ಲಿ ಸಕ್ಕರೆ ಹಾಕುತ್ತಿರಲಿಲ್ಲ. ಅದೇ ವರ್ಷ ಕಂಪನಿ ಸಕ್ಕರೆ ಇಲ್ಲದವನ್ನೂ ಇಲ್ಲಿ ತರುತ್ತೇವೆ ಅಂತ ಹೇಳಿತು. ಜನ ಕೇಳಿದ್ದಕ್ಕೆ ತಾನೇ? ನಾವು ಮಾತ್ರ ನಮ್ಮ ಮಗುವಿಗೆ ಸೂಟ್‌ಕೇಸಿನಲ್ಲಿ ತಂದುಕೊಂಡು ಸುಮ್ನೆ ಕೂತಿದ್ದರೆ, ಊರಲ್ಲಿರುವ ನಮ್ಮ ಅಕ್ಕನ ಮೊಮ್ಮಗಳಿಗೆ ಯಾರು ತರ್ತಾರೆ?

ಐಸ್‌ಕ್ರೀಮ್ ವಿಷಯವೂ ಗೊತ್ತಿರಲಿ. ಇಲ್ಲಿ ಕಾನೂನಿನ ಪ್ರಕಾರ ಹಾಲಿನ ಕೊಬ್ಬಿನದಕ್ಕೆ ಮಾತ್ರ ಐಸ್‌ಕ್ರೀಮ್ ಅನ್ನಬಹುದು. ಎಣ್ಣೆ ಹಾಕಿ ಮಾಡಿದ್ದಕ್ಕೆ ಫ್ರೋಜನ್ ಡೆಸರ್ಟ್ ಅಂತ ಬರೆಯಬೇಕು. ಎರಡೂ ಒಂದೇ ಫ್ರಿಜ್ಜಿನಲ್ಲಿ, ಒಂದೇ ಥರದ ಚಿತ್ರ ಹೊತ್ತು ಕೂತಿರುತ್ತವೆ. ಇದರ ಜಾಹೀರಾತಿಗಾಗಿ 2017ರಲ್ಲಿ ಬಾಂಬೆ ಹೈಕೋರ್ಟಿನವರೆಗೂ ಜಗಳ ಹೋಗಿತ್ತು. ಇಲ್ಲಿಗೆ ಬಂದ ಮೇಲೆ ಮೊದಲ ಅಭ್ಯಾಸ ಮಾಡಿಕೊಳ್ಳಬೇಕಾದದ್ದು ಇದೇ: ಪ್ಯಾಕೆಟ್ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದುವುದು. ಬ್ರ್ಯಾಂಡ್ ಹೆಸರು ನೋಡಿ ನಂಬಬೇಡಿ, ಅಲ್ಲೂ ಅಷ್ಟೆ, ಇಲ್ಲೂ ಅಷ್ಟೆ.

ಅಪ್ಪನ ಕೈ ಈಗ ಪರವಾಗಿಲ್ಲ. ಮಣಿಕಟ್ಟು ಪೂರ್ತಿ ಮಡಚಲ್ಲ. ಬರೆಯುತ್ತಾರೆ, ಸಾಲು ಸ್ವಲ್ಪ ಬಲಕ್ಕೆ ಇಳಿಯುತ್ತೆ. ಹೋದ ವರ್ಷ ಲಕ್ಷ್ಮೀ ರೋಡಿನಲ್ಲಿ ಅವರಿಗೆ ಶೂ ಕೊಡಿಸಿದೆ. ಅಂಗಡಿಯಿಂದಲೇ ಹಾಕಿಸಿಕೊಂಡು ಬಂದೆ, ಖಾಲಿ ಡಬ್ಬಿ ಅಲ್ಲೇ ಬಿಟ್ಟೆ. ದಿನಾ ಹಾಕುತ್ತಾರೆ, ಹಿಮ್ಮಡಿ ಆಗಲೇ ಸವೆದಿದೆ. ನೋಡಿದಾಗಲೆಲ್ಲ ನನಗೆ ಸಮಾಧಾನ ಆಗುತ್ತೆ.

ನಿಮ್ಮ ಕಾರ್ಟನ್ ಇನ್ನೂ ಟೇಪ್ ಹಚ್ಚಿಲ್ಲ ಅಂದಿದ್ದೀರಿ. ಆರರಲ್ಲಿ ನಾಲ್ಕು ಜೊತೆ ಹೊರಗೆ ತೆಗೆಯಿರಿ, ಅಲ್ಲೇ ಯಾರಿಗಾದರೂ ಕೊಡಿ. ಉಳಿದ ಎರಡರಲ್ಲಿ ನಿಮ್ಮದನ್ನು ವಿಮಾನಕ್ಕೇ ಹಾಕಿಕೊಂಡು ಬನ್ನಿ. ಇನ್ನೊಂದು ಮನೆಯ ಹಿರಿಯರಿಗೆ ತಂದದ್ದಾದರೆ, ಎಲ್ಲಿಯದು ಅಂತ ಹೇಳಬೇಡಿ. ಬಂದ ಮರುದಿನ ಬೆಳಿಗ್ಗೆ ಅವರ ಕಾಲಿಗೆ ಹಾಕಿಸಿ, ಜೊತೆಗೆ ಒಂದು ಸುತ್ತು ನಡೆದು ಬನ್ನಿ.