ಡೆವಲಪರ್ "ಇದು ಆಗಲ್ಲ" ಅಂದರೆ ಡಿಸೈನರ್ ಏನು ಮಾಡಬೇಕು?

ಹಾಸನದ ಒಂದು ಚಿಕ್ಕ ತಂಡಕ್ಕೆ ಡಿಸೈನರ್ ಆಗಿ ಹೊಸದಾಗಿ ಸೇರಿದ್ದೀರಿ. ಸ್ಕ್ರೀನ್ ಡಿಸೈನ್ ಮಾಡುವ ಫಿಗ್ಮಾ ಸಾಫ್ಟ್‌ವೇರಿನಲ್ಲಿ ನೀವು ಮಾಡಿಕೊಟ್ಟದ್ದು ಒಂದು, ಆ್ಯಪ್‌ನಲ್ಲಿ ಬರುವುದು ಇನ್ನೊಂದು. ಕೇಳಿದರೆ ಡೆವಲಪರ್ "ಇದು ಆಗಲ್ಲ" ಅಂತಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ನಾನು ಆ ಕಡೆಯವನು. ಚಿಕ್ಕಮಗಳೂರಿನಲ್ಲಿ ಎಂಟು ವರ್ಷದಿಂದ ಕೋಡ್ ಬರೆಯುತ್ತಿದ್ದೇನೆ.

ಎಲ್ಲ ಮುಗಿಸಿ ಲಿಂಕ್ ಕಳಿಸುವುದನ್ನು ಮೊದಲು ಬಿಡಿ. ಇನ್ನೂ ಪೆನ್ಸಿಲ್ ಗೀಟು ಇರುವಾಗಲೇ ಡೆವಲಪರ್ ಅನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ನಾವು ಇದನ್ನು ಕಲಿತದ್ದು ಒಂದು ಕಾಫಿ ತೋಟದಲ್ಲಿ.

ಕೊಯ್ಲಿನ ಕಾಲದಲ್ಲಿ ಸಂಜೆ ಪ್ರತಿಯೊಬ್ಬರು ಬಿಡಿಸಿದ ಹಣ್ಣನ್ನು ತೂಕ ಹಾಕುತ್ತಾರೆ. ಕೆ.ಜಿ. ಲೆಕ್ಕದಲ್ಲಿ ಕೂಲಿ. ತೋಟದ ರೈಟರ್ ಪುಸ್ತಕದಲ್ಲಿ ಬರೆಯುವುದನ್ನು ಫೋನಿನಲ್ಲಿ ಬರೆಯಲಿ ಎಂದು ಒಂದು ಆ್ಯಪ್ ಮಾಡಿದ್ದೆವು. ನಮ್ಮ ಡಿಸೈನರ್ ಹದಿನಾಲ್ಕು ಸ್ಕ್ರೀನ್ ಕೊಟ್ಟರು, ಎಲ್ಲವೂ ಚೆಂದ. ನಾನು ಇದ್ದ ಹಾಗೇ ಕಟ್ಟಿದೆ. ಆಲ್ದೂರು ಕಡೆಯ ಆ ತೋಟದಲ್ಲಿ ನೆಟ್‌ವರ್ಕ್ ಇರಲಿಲ್ಲ. ರೈಟರ್ "ಉಳಿಸಿ" ಒತ್ತಿದರು. ಚಕ್ರ ತಿರುಗುತ್ತಲೇ ಇತ್ತು. ಮತ್ತೆ ಒತ್ತಿದರು. ಮತ್ತೂ ಒಂದು ಸಲ. ಹಿಂದೆ ಮೂಟೆ ಹೊತ್ತವರು ಸಾಲಾಗಿ ಕಾಯುತ್ತಿದ್ದಾರೆ, ಕತ್ತಲಾಗುತ್ತಿದೆ. ರಾತ್ರಿ ಫೋನು ಮೇನ್ ರೋಡಿಗೆ ಬಂದು ನೆಟ್‌ವರ್ಕ್ ಸಿಕ್ಕ ಕೂಡಲೇ ಒಬ್ಬ ಹೆಂಗಸಿನ 62 ಕೆ.ಜಿ. ಮೂರು ಸಲ ಸೇರಿ 186 ಆಗಿತ್ತು.

ನೆಟ್‌ವರ್ಕ್ ಇಲ್ಲದಾಗ ಏನು ಕಾಣಬೇಕು ಎಂದು ಡಿಸೈನರ್ ಬರೆದಿರಲಿಲ್ಲ, ನಾನೂ ಕೇಳಿರಲಿಲ್ಲ. ಮರುದಿನ ಇಬ್ಬರೂ ಒಂದೇ ಮೇಜಿಗೆ ಕೂತೆವು. ತೂಕ ಮೊದಲು ಫೋನಿನಲ್ಲೇ ಉಳಿಯಬೇಕು. ತೂಕದ ಪುಟ ತೆರೆದಾಗಲೇ ಫೋನು ಅದಕ್ಕೊಂದು ಗುರುತಿನ ಸಂಖ್ಯೆ ಕೊಡಬೇಕು. ಅದೇ ಸಂಖ್ಯೆ ಇನ್ನೊಮ್ಮೆ ಬಂದರೆ ಸರ್ವರ್ ಸೇರಿಸಿಕೊಳ್ಳಬಾರದು. ಇಷ್ಟು ನನ್ನ ಕೆಲಸ. "ಫೋನಿನಲ್ಲಿ ಉಳಿದಿದೆ, ಇನ್ನೂ ಕಳಿಸಿಲ್ಲ" ಎಂಬುದು ರೈಟರ್‌ಗೆ ಒಂದೇ ನೋಟಕ್ಕೆ ಗೊತ್ತಾಗುವ ಹಾಗೆ ಮಾಡುವುದು ಅವರ ಕೆಲಸ. ಒಬ್ಬರೇ ಕೂತಿದ್ದರೆ ಅರ್ಧ ಮಾತ್ರ ಹೊಳೆಯುತ್ತಿತ್ತು.

ಹಾಗಾಗಿ ಪ್ರತಿ ಸ್ಕ್ರೀನಿಗೂ ಇವನ್ನು ಕೇಳಿಕೊಳ್ಳಿ: ಏನೂ ದಾಖಲಾಗದಿದ್ದಾಗ ಹೇಗಿರುತ್ತೆ? ಕಾಯುವಾಗ? ತಪ್ಪಾದಾಗ? ಹತ್ತು ಹೆಸರಿನ ಜಾಗದಲ್ಲಿ ಮುನ್ನೂರು ಬಂದರೆ?

ಕನ್ನಡದ ಆ್ಯಪ್ ಆದರೆ ಇನ್ನೊಂದು. ಇಂಗ್ಲಿಷಿನಲ್ಲಿ "ರಿಟ್ರೈ" ಐದೇ ಅಕ್ಷರ. ಅದೇ ಬಟನ್ನಿನಲ್ಲಿ "ಮತ್ತೊಮ್ಮೆ ಪ್ರಯತ್ನಿಸಿ" ಕೂರಬೇಕು. ಅಗಲ ಸಾಲದು ಎಂಬುದು ಯಾರಿಗೂ ಬೇಗ ಕಾಣುತ್ತೆ, ಎತ್ತರ ಕಾಣುವುದಿಲ್ಲ. ನಮ್ಮ ಫೈಲಿನಲ್ಲಿ ಸಾಲಿನ ಎತ್ತರವನ್ನು ಇಂಗ್ಲಿಷ್ ಅಕ್ಷರಕ್ಕೆ ನೋಡಿ ಇಟ್ಟಿದ್ದರು. ಕನ್ನಡ ಹಾಕಿದಾಗ "ಒಟ್ಟು" ಎಂಬಲ್ಲಿ ಒತ್ತಕ್ಷರ ಕೆಳಗೆ ಕತ್ತರಿಸಿ ಹೋಗಿ "ಒಟು" ಎಂದು ಕಾಣುತ್ತಿತ್ತು. ಮೊದಲ ದಿನದಿಂದಲೇ ನಿಜವಾದ ಕನ್ನಡ ಪದ, ನಿಜವಾದ ಉದ್ದದ ಹೆಸರು ಹಾಕಿ ಡಿಸೈನ್ ಮಾಡಿ. ಡೆವಲಪರ್ ಹತ್ತಿರ ಜಾಗಕ್ಕಾಗಿ ಜಗಳ ಅರ್ಧ ಕಮ್ಮಿಯಾಗುತ್ತೆ.

ಈಗ "ಆಗಲ್ಲ" ವಿಷಯ. ಬಹಳ ಸಲ ಅದರ ಅರ್ಥ "ಈ ವಾರದಲ್ಲಿ ಆಗಲ್ಲ" ಅಥವಾ "ಯಾಕೆ ಬೇಕು ಅಂತ ನನಗೆ ಗೊತ್ತಾಗಿಲ್ಲ". ಎಷ್ಟು ದಿನ ಹಿಡಿಯುತ್ತೆ, ಯಾವ ಭಾಗ ಕಷ್ಟ ಎಂದು ಕೇಳಿ. ತಾರೀಕು ಆರಿಸಲು ಫೋನಿನದೇ ಕ್ಯಾಲೆಂಡರ್ ಬಳಸಿದರೆ ಸ್ವಲ್ಪ ಹೊತ್ತಿನ ಕೆಲಸ. ನಿಮ್ಮದೇ ರೂಪದ್ದು ಬೇಕೆಂದರೆ ದಿನಗಟ್ಟಲೆ. ಅದು ಗೊತ್ತಾದರೆ ಎಲ್ಲಿ ಬಿಡಬೇಕು, ಎಲ್ಲಿ ಹಿಡಿಯಬೇಕು ಎಂದು ನೀವೇ ಹೇಳಬಹುದು, ಅಲ್ವಾ?

ನೀವೂ ಕಾರಣ ಹೇಳಿ. ಒತ್ತುವ ಜಾಗ ಕನಿಷ್ಠ 48 ಡಿಪಿ (ಸ್ಕ್ರೀನಿನ ಮೇಲಿನ ಅಳತೆಯ ಮಾನ) ಇರಲಿ ಎಂದು ಆಂಡ್ರಾಯ್ಡ್ ಹೇಳುತ್ತೆ. ನಮ್ಮ ಡಿಸೈನರ್ 64 ಕೇಳಿದಾಗ ಜಾಸ್ತಿ ಆಯ್ತು ಅನ್ನಿಸಿತ್ತು. "ಹಣ್ಣು ಮುಟ್ಟಿದ ಕೈ ಅಂಟಂಟಾಗಿರುತ್ತೆ, ತಪ್ಪು ಬಟನ್ ಒತ್ತಿದರೆ ಕೂಲಿ ತಪ್ಪುತ್ತೆ" ಎಂದರು. ಆಮೇಲೆ ನಾನು ಒಂದು ಡಿಪಿಯನ್ನೂ ಕಡಿಮೆ ಮಾಡಲಿಲ್ಲ.